ಒಂದೇ ಸಲ ಒರೆಸೋ ಗೋಡೆ

ಮರೀ, ನೀನು ಕಳಿಸಿದ ಫೋಟೋ ಎಲ್ಲ ನೋಡ್ದೆ. ಬೂದು ಟೈಲು, ಅದಕ್ಕಿಂತ ಸ್ವಲ್ಪ ಬಿಳಿ ಬೂದು, ಆಮೇಲೆ ಬಿಳಿಗಿಂತ ಸ್ವಲ್ಪ ಬೂದು. ಇದರಲ್ಲಿ ಯಾವುದು ಚೆನ್ನಾಗಿದೆ ದೊಡ್ಡಮ್ಮ ಅಂತ ಕೇಳಿದೀಯ. ನನ್ನ ಕಣ್ಣಿಗೆ ಎಲ್ಲಾ ಒಂದೇ ತಾಯಿ ಮಕ್ಕಳ ಥರ ಕಾಣ್ತವೆ. ಟೈಪ್ ಮಾಡೋಕೆ ನನ್ನ ಬೆರಳು ದಪ್ಪ, ಒಂದಕ್ಷರ ಒತ್ತಿದ್ರೆ ಮೂರು ಬೀಳುತ್ತೆ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಉದ್ದ ಆಯ್ತು ಅಂತ ಸ್ಪೀಡ್ ಜಾಸ್ತಿ ಮಾಡ್ಕೊಂಡು ಕೇಳ್ಬೇಡ. ಹಾಗೆ ಕೇಳಿದ್ರೆ ನನ್ನ ದನಿ ಇಲಿ ಕಿರುಚಿದ ಹಾಗಿರುತ್ತಂತೆ, ನಿನ್ನ ಸೋದರಮಾವ ಹೇಳ್ದ.

ಆ ಸೋದರಮಾವನ ಅಡುಗೆಮನೆ ಕಥೇನೇ ನಾನು ಹೇಳೋಕೆ ಹೊರಟಿರೋದು. ಅದನ್ನ ಕೇಳಿಸ್ಕೊಂಡು ಆಮೇಲೆ ನಿನ್ನ ಬೂದು ಆರಿಸ್ಕೋ. ಅವನು ಗ್ರೂಪಲ್ಲಿ ನೀಲಿ ಹೂವಿನ ಗೋಡೆ ಫೋಟೋ ಹಾಕಿದ್ನಲ್ಲ, ನೀನೂ ‘ವಾವ್ ಮಾವಾ’ ಅಂತ ಹಾರ್ಟ್ ಒತ್ತಿದೀಯ. ಆ ಫೋಟೋ ತೆಗೆಯೋವಾಗ ನಿನ್ನ ಅತ್ತೆ ಎಲ್ಲಿದ್ಲು ಅಂತ ಒಬ್ಬರಾದ್ರೂ ಕೇಳಿದ್ರಾ? ಇಲ್ಲ. ಗೋಡೆ ನೋಡಿದ್ರಿ, ಹಾರ್ಟ್ ಒತ್ತಿದ್ರಿ, ಮುಂದಿನ ಫೋಟೋಗೆ ಹೋದ್ರಿ.

ನಾನು ಇವರ ಮಹಡಿ ರೂಮಲ್ಲಿ ಇರೋಳು, ಊಟಕ್ಕೆ ಕೆಳಗೆ ಇಳಿಯೋಳು. ಹಾಗಾಗಿ ನಡೆದಿದ್ದೆಲ್ಲ ಕಣ್ಣಾರೆ ನೋಡಿದೀನಿ, ಕಿವಿಯಾರೆ ಕೇಳಿದೀನಿ, ಮಧ್ಯೆ ಮಧ್ಯೆ ಒಗ್ಗರಣೇನೂ ಹಾಕಿದೀನಿ.

ಮೊದಲು ನಿನ್ನ ಅತ್ತೆ ಭುಜದ ವಿಷಯ. ಅವಳ ಬಲಗೈ ಗಲ್ಲದಿಂದ ಮೇಲಕ್ಕೆ ಏಳಲ್ಲ. ಭುಜ ಹಿಡ್ಕೊಂಡಿದೆ. ಅರ್ಧ ಆಯಸ್ಸು ಆಸ್ಪತ್ರೆ ವಾರ್ಡಲ್ಲಿ ಡ್ಯೂಟಿ ಮಾಡಿ ಕಳೆದೋಳು ನಾನು, ಅವಳು ತಲೆ ಬಾಚೋದು ನೋಡಿದ ತಕ್ಷಣ ಗೊತ್ತಾಯ್ತು. ಬಾಚಣಿಗೆ ತಲೆ ಹತ್ರ ಬರಲ್ಲ, ತಲೇನೇ ಬಾಚಣಿಗೆ ಹತ್ರ ತಗೊಂಡ್ಹೋಗ್ತಾಳೆ. ಇಂಥ ಕೈ ಇಟ್ಕೊಂಡು ಒಲೆ ಹಿಂದಿನ ಗೋಡೆ ಉಜ್ಜೋಳು. ಅದು ಹಳೇ ಪೇಂಟ್ ಗೋಡೆ. ಎಣ್ಣೆ ಸಿಡಿದು ಸಿಡಿದು ಜೇನುಗೂಡಿನ ಬಣ್ಣಕ್ಕೆ ಬಂದಿತ್ತು. ದಿನಾ ಅಡುಗೆ ಆದ್ಮೇಲೆ ಸೋಪಿನ ನೀರು, ತೆಂಗಿನ ನಾರು. ಎಡಗೈಯಿಂದ ಬಲ ಮೊಣಕೈ ಹಿಡಿದು ಎತ್ತಿ ಉಜ್ಜೋಳು, ಜಾಕ್ ಕೊಟ್ಟು ಕಾರು ಎತ್ತಿದ ಹಾಗೆ. ನೋಡೋಕಾಗದೆ ನಾನೂ ಒಂದೆರಡು ಸಲ ನಾರು ಹಿಡಿದೆ. ನನ್ನ ಸೊಂಟ ಮಾರನೇ ದಿನ ರಜೆ ಹಾಕ್ತು.

ಒಂದಿನ ಊಟದ ಹೊತ್ತಲ್ಲಿ ಅವಳು ಹೇಳಿದ್ಲು: “ರೀ, ಆ ಗೋಡೆಗೆ ಟೈಲ್ ಹಾಕ್ಸಿ. ಒಂದು ಸಲ ಬಟ್ಟೆ ಎಳೆದ್ರೆ ಕ್ಲೀನ್ ಆಗ್ಬೇಕು. ನನಗೆ ಬೇಕಾಗಿರೋದು ಅಷ್ಟೇ.”

ನಿನ್ನ ಮಾವ ಅನ್ನ ಕಲಸ್ತಾ, “ಗೋಡೆ ಕೊಳೆ ಆಗದ ಹಾಗೆ ಅಡುಗೆ ಮಾಡೋಕೆ ಬರಲ್ವಾ?” ಅಂದ.

“ಹೊಟ್ಟೆ ತುಂಬದ ಹಾಗೆ ಊಟ ಮಾಡೋಕೆ ನಿನಗೆ ಬರುತ್ತೇನೋ?” ಅಂದೆ ನಾನು.

ಅವತ್ತು ಒಪ್ಕೊಂಡ. ಇವಳು ಖುಷೀಲಿ ಒಂದು ಮಾತು ಜಾಸ್ತಿ ಆಡಿಬಿಟ್ಲು, “ಬಣ್ಣ ಯಾವುದಾದ್ರೂ ಪರವಾಗಿಲ್ಲ” ಅಂತ. ಆಗಲೇ ನಾನಂದ್ಕೊಂಡೆ, ಕೆಲಸ ಕೆಡ್ತು ಅಂತ. ನಿನ್ನ ಮಾವನಂಥೋನ ಮುಂದೆ ‘ಪರವಾಗಿಲ್ಲ’ ಅನ್ನೋದು, ಬೆಕ್ಕಿನ ಮುಂದೆ ಹಾಲಿಟ್ಟು ಬಾಗಿಲು ಹಾಕ್ಕೊಂಡು ಹೋದ ಹಾಗೆ.

ಯಾಕಂದ್ರೆ ಅವನು ಎಂಥೋನು ಅಂತ ನಿನಗೆ ಪೂರ್ತಿ ಗೊತ್ತಿಲ್ಲ. ಫ್ಯಾಕ್ಟರೀಲಿ ಸ್ಟೋರ್ ಕೀಪರ್ ಆಗಿದ್ದೋನು. ಒಂದು ಬೋಲ್ಟ್ ಬೇಕು ಅಂತ ಹೋದ್ರೆ, ‘ಹಳೇದು ಪೂರ್ತಿ ಸವೆದಿದೆಯಾ, ತಂದು ತೋರಿಸು’ ಅನ್ನೋನು. ಹೊರಗೆ ಮಿಷಿನ್ ನಿಂತ್ರೂ ಚಿಂತೆ ಇಲ್ಲ, ಒಳಗೆ ರ‍್ಯಾಕ್ ಖಾಲಿ ಆಗಬಾರ್ದು. ಅವನು ರಿಟೈರ್ ಆದ ದಿನ ದೊಡ್ಡ ಸಾಹೇಬರು ಭಾಷಣ ಮಾಡಿದ್ರು: ‘ಇವರು ಸೇರಿದಾಗ ಇದ್ದಿದ್ದಕ್ಕಿಂತ ಸ್ಟೋರ್ ಈಗ ಜಾಸ್ತಿ ತುಂಬಿದೆ.’ ಎಲ್ಲರೂ ನಕ್ಕರು. ಇವನೊಬ್ಬ ಕಣ್ಣೊರೆಸ್ಕೊಂಡ.

ಆಮೇಲೆ ಆ ಸ್ಟೋರ್ ಮನೆಗೆ ಬಂತು. ಸೋಫಾಗೆ ಕವರು, ಕವರ್ ಕೊಳೆ ಆಗಬಾರ್ದು ಅಂತ ಅದರ ಮೇಲೊಂದು ದುಪ್ಪಟಿ. ರಿಮೋಟು ಪ್ಲಾಸ್ಟಿಕ್ ಚೀಲದ ಒಳಗೆ, ಬಟನ್ ಒತ್ತಿದ್ರೆ ಚಾನೆಲ್ ಬದಲಾಗೋದು ಅದರ ಮನಸ್ಸಿಗೆ ಬಂದಾಗ. ಫ್ರಿಜ್ಜಿಗೆ ಒಂದು ಲಂಗ. ಹೊಸ ಟವೆಲ್ ಬೀರುವಲ್ಲಿ, ಹರಿದಿದ್ದು ಮೈಮೇಲೆ. ಆ ಮನೇಲಿ ಕವರಿಲ್ಲದೆ ಓಡಾಡೋ ಹಳೇ ಸಾಮಾನು ಅಂದ್ರೆ ನಾನೊಬ್ಬಳೇ.

ಸರಿ, ಟೈಲ್ ಅಂಗಡಿಗೆ ಮೂವರೂ ಹೋದ್ವಿ. ಅಂಗಡಿ ಅಂದೆನಾ? ಶೋರೂಮು. ಗಾಜಿನ ಬಾಗಿಲು, ಒಳಗೆ ಮೈ ನಡುಗೋ ಅಷ್ಟು ತಂಪು, ಗೋಡೆ ತುಂಬಾ ಟೈಲು. ಒಬ್ಬ ಸೇಲ್ಸ್‌ನೋನು ಬಂದ. ತಲೆಗೂದಲಿಗೆ ಬಣ್ಣ ಹಚ್ಚೋವಾಗ ಕಿವಿಗೂ ಸ್ವಲ್ಪ ಹಚ್ಕೊಂಡಿದ್ದ.

ಕೈ ಮುಗಿದು, “ಮೇಡಂ, ನಿಮ್ಮ ಕಿಚನ್ ನಿಮ್ಮ ಹತ್ರ ಏನು ಮಾತಾಡ್ಬೇಕು ಅಂತ ನಿಮಗಾಸೆ?” ಅಂದ.

“ಅದು ಬಾಯಿ ಮುಚ್ಕೊಂಡಿದ್ರೆ ಸಾಕಪ್ಪ. ಮಾತಾಡೋಕೆ ನಾವೇ ಬೇಕಾದಷ್ಟು ಜನ ಇದೀವಿ,” ಅಂದೆ.

ಅಷ್ಟರಲ್ಲಿ ನಿನ್ನ ಅತ್ತೆ ಕೈಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದ್ಲು, ಕೆಮ್ಮಿನ ಔಷಧಿದು. ಅದರೊಳಗೆ ಎಣ್ಣೆಗೆ ಅರಿಶಿನ ಕಲಸಿ ತಂದಿದ್ಲು. ನನಗೂ ಹೇಳಿರ್ಲಿಲ್ಲ ನೋಡು! ಜೊತೆಗೆ ಒಂದು ಒರೆಸೋ ಬಟ್ಟೆ. ಸೀದಾ ಹೋಗಿ ಒಂದು ಟೈಲ್ ಮೇಲೆ ಒಂದು ಹನಿ ಬಿಟ್ಟು ಬೆರಳಲ್ಲಿ ಸವರಿದ್ಲು.

“ಅಯ್ಯೋ ಅಮ್ಮಾ, ಅದು ಡಿಸ್‌ಪ್ಲೇ ಪೀಸು!” ಅಂತ ಅವನು ಓಡಿ ಬಂದ.

“ಒಂದು ನಿಮಿಷ ಇರಿ. ಸ್ವಲ್ಪ ಒಣಗ್ಲಿ,” ಅಂದ್ಲು, ರಕ್ತ ಪರೀಕ್ಷೆ ಮಾಡೋರ ಹಾಗೆ.

ಹಾಗೇ ಒಂದಾದ್ಮೇಲೆ ಒಂದು ಟೈಲಿಗೆ ಹಚ್ತಾ, ಒರೆಸ್ತಾ ಹೋದ್ಲು. ಕೊನೆಗೆ ಮೂಲೇಲಿ ಒಂದು ದೊಡ್ಡ ಟೈಲು, ಕೆನೆ ಬಣ್ಣ, ಹೂವಿಲ್ಲ, ಗೆರೆ ಇಲ್ಲ, ನುಣ್ಣಗೆ ತಟ್ಟೆ ಥರ. ಹಚ್ಚಿದ್ಲು, ಕಾದ್ಲು, ಬಲಗೈಯಲ್ಲಿ ಗಲ್ಲದ ಎತ್ತರಕ್ಕೆ ಒಂದು ಸಲ ಬಟ್ಟೆ ಎಳೆದ್ಲು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಯ್ತು. ಅವಳು ನಕ್ಕಳು ನೋಡು ಮರೀ, ಅವಳ ಮದುವೆ ಫೋಟೋದಲ್ಲೂ ಆ ನಗು ಇಲ್ಲ.

“ಅಕ್ಕಾ, ಇದೇ!” ಅಂದ್ಲು ನನಗೆ.

ಸೇಲ್ಸ್‌ನೋನು ಮುಖ ಹುಳ್ಳಗೆ ಮಾಡ್ಕೊಂಡ. “ಇದಾ ಅಮ್ಮಾ? ಇದು ಆಸ್ಪತ್ರೆ ಬಾತ್‌ರೂಮಿಗೆ ಹೋಗೋ ಮಾಲು.”

“ಆಸ್ಪತ್ರೆ ಬಾತ್‌ರೂಮು ನಾನು ನೋಡಿದೀನಿ, ಅದಕ್ಕೆ ಇಷ್ಟು ಒಳ್ಳೇದು ಯಾರೂ ಹಾಕಲ್ಲ,” ಅಂದೆ.

ಆದ್ರೆ ನಿನ್ನ ಮಾವ ಎಲ್ಲಿ? ಆ ಕಡೆ ಒಂದು ಸ್ಟ್ಯಾಂಡ್ ಮುಂದೆ ದೇವರ ಮುಂದೆ ನಿಂತ ಹಾಗೆ ನಿಂತಿದಾನೆ. ಅಂಗೈ ಅಗಲದ ಚಿಕ್ಕ ಚಿಕ್ಕ ಟೈಲು. ನಾಕು ಸೇರಿಸಿದ್ರೆ ಒಂದು ನೀಲಿ ಹೂವು, ಸುತ್ತ ಬಳ್ಳಿ. ಹೂವು, ಎಲೆ ಎಲ್ಲ ಉಬ್ಬಿಕೊಂಡಿದೆ, ಕೈ ಆಡಿಸಿದ್ರೆ ತಗ್ಗು ದಿಣ್ಣೆ ಸಿಗುತ್ತೆ. ಎರಡು ಟೈಲಿನ ಮಧ್ಯೆ ಸಂದಿ, ಆ ಸಂದಿಗೆ ಬಿಳಿ ಗಾರೆ.

ಸೇಲ್ಸ್‌ನೋನು ಅಲ್ಲಿಗೆ ಹಾರಿದ. “ಸಾರ್‌ಗೆ ಕಣ್ಣಿದೆ! ಕೊನೇ ಲಾಟು ಸಾರ್. ಕಂಪನಿಯೋರು ಮಾಡೋದೇ ನಿಲ್ಲಿಸಿಬಿಟ್ಟಿದಾರೆ. ಇನ್ಮೇಲೆ ಯಾರಿಗೂ ಸಿಗಲ್ಲ.”

ಇನ್ಮೇಲೆ ಯಾರಿಗೂ ಸಿಗಲ್ಲ! ಸ್ಟೋರ್ ಕೀಪರ್ ಕಿವಿಗೆ ಇದಕ್ಕಿಂತ ಇಂಪಾದ ಸಂಗೀತ ಇನ್ನೊಂದಿದೆಯಾ?

ನಿನ್ನ ಅತ್ತೆ ಬಾಟಲಿ ಹಿಡ್ಕೊಂಡು ಬಂದ್ಲು. “ಒಂದು ಹನಿ ಹಚ್ಚಿ ನೋಡ್ತೀನಿ ರೀ.”

ಅವನು ಅವಳ ಕೈ ಹಿಡ್ಕೊಂಡುಬಿಟ್ಟ. “ಏಯ್! ಕೊನೇ ಲಾಟ್ ಕಣೇ!”

“ಇಷ್ಟೊಂದು ಸಂದಿ ಇದೆ, ಒರೆಸೋದು ಹೇಗೆ?”

“ಅದು ಸಂದಿ ಅಲ್ಲಮ್ಮಾ, ಟೆಕ್ಸ್ಚರು,” ಅಂದ ಸೇಲ್ಸ್‌ನೋನು.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಯ್ತು ಕಣೋ ನಿನ್ನ ವ್ಯಾಪಾರ,” ಅಂದೆ ನನ್ನ ತಮ್ಮನಿಗೆ. ಅವನು ಆಗಲೇ ‘ಸ್ಪೇರಿಗೆ ಒಂದು ಬಾಕ್ಸ್ ಜಾಸ್ತಿ ಹಾಕಿ’ ಅಂತಿದ್ದ. ಆ ಸ್ಪೇರ್ ಬಾಕ್ಸ್ ಮಂಚದ ಕೆಳಗೆ ಹೋಯ್ತು, ಮೇಲೊಂದು ಗೋಣಿಚೀಲದ ಕವರು. ವಾಪಸ್ ಬರೋವಾಗ ನಿನ್ನ ಅತ್ತೆ ಆ ಬಾಟಲೀನ ಮಡಿಲಲ್ಲಿ ಇಟ್ಕೊಂಡು ಕಿಟಕಿ ಕಡೆ ನೋಡ್ತಾ ಕೂತಿದ್ಲು. ಜಗಳ ಆಡೋ ಹೆಂಗಸಲ್ಲ ಅವಳು. ಅದೇ ಅವಳ ದೊಡ್ಡ ಕಾಯಿಲೆ, ಭುಜ ಅಲ್ಲ.

ಆಮೇಲೆ ಟೈಲ್ ಮೇಸ್ತ್ರಿ ಬಂದ. ಬರೋದಕ್ಕೆ ಮುಂಚೆ ಎಷ್ಟು ‘ನಾಳೆ’ ಆಯ್ತು ಅಂತ ಕೇಳ್ಬೇಡ. ಬಂದೋನೇ ಗೋಡೆಗೆ ರಸಮಟ್ಟ ಹಿಡಿದ. ಅದರೊಳಗಿನ ಗುಳ್ಳೆ ಒಂದು ಕಡೆ ಓಡ್ತು. ಅವನು ನಾಲಿಗೆ ಲೊಚಗುಟ್ಟಿ, “ಯಾರ್ ಸಾರ್ ಈ ಗೋಡೆಗೆ ಗಾರೆ ಮಾಡಿದ್ದು? ಬಸುರಿ ಹೊಟ್ಟೆ ಥರ ಉಬ್ಬಿದೆ. ಅವನ ಕೈ ಮುರೀಬೇಕು,” ಅಂದ.

“ನೀನೇ ಕಣಪ್ಪ ಮಾಡಿದ್ದು,” ಅಂದೆ.

ಅವನು ಇನ್ನೊಂದು ಸಲ ಗೋಡೆ ತಟ್ಟಿ ನೋಡ್ದ. “ಆದ್ರೂ ಎಷ್ಟು ಗಟ್ಟಿ ನಿಂತಿದೆ ನೋಡಿ ಅಮ್ಮಾವ್ರೇ. ಈಗಿನೋರಿಗೆ ಬರಲ್ಲ ಇದು.”

ಉಳಿ ಹಿಡಿದು ಹಳೇ ಪೇಂಟ್ ಕೆತ್ತಿದ, ಟೈಲು ಕಚ್ಕೊಳ್ಳಲಿ ಅಂತ. ಮನೆ ತುಂಬಾ ಧೂಳು. ನಿನ್ನ ಮಾವ ಮೂಗಿಗೆ ಬಟ್ಟೆ ಕಟ್ಕೊಂಡು ಸ್ಟೂಲ್ ಹಾಕ್ಕೊಂಡು ಎದುರಿಗೆ ಕೂತ. ಮೇಸ್ತ್ರಿ ಕರಣೇಲಿ ಅಂಟು ಬಳಿದು ಒಂದು ಟೈಲ್ ಒತ್ತಿದ್ರೆ, ಇವನು ಎದ್ದು ಹೋಗಿ ಒಂದು ಕಣ್ಣು ಮುಚ್ಚಿ ನೋಡೋನು. ‘ಬಳ್ಳಿ ತುದಿ ಕೂಡ್ಲಿಲ್ಲ, ತೆಗಿ.’ ಮೇಸ್ತ್ರಿ ತೆಗೆಯೋನು, ಅದನ್ನೇ ತಿರುಗಿಸಿ ವಾಪಸ್ ಅಲ್ಲೇ ಒತ್ತೋನು. ‘ಈಗ ಸರಿ ಹೋಯ್ತು’ ಅನ್ನೋನು ಇವನು.

ಪ್ಲಗ್ ಹತ್ರ ಬಂದಾಗ ಕೆಲಸ ನಿಂತ್ಕೊಂತು. ಮಿಕ್ಸಿ ಹಾಕೋ ಪ್ಲಗ್ ಪಾಯಿಂಟು ಸರಿಯಾಗಿ ಒಲೆ ಪಕ್ಕ, ಅತ್ತೆ ಎದೆ ಮಟ್ಟಕ್ಕೆ.

“ಇಲ್ಲಿ ಟೈಲ್ ಕೊರೀಬೇಕು ಸಾರ್.”

“ಹೂವಿನ ನಡುಮಧ್ಯ ಕೊರೀತೀಯೇನೋ? ಕೊನೇ ಲಾಟ್ ಅದು!”

“ಪ್ಲಗ್ ಇದೆಯಲ್ಲ ಸಾರ್.”

“ಪ್ಲಗ್ ತೆಗಿ. ಮೇಲಕ್ಕೆ ಹಾಕು, ಟೈಲ್ ಮುಗಿಯೋ ಜಾಗದಿಂದ ಆಚೆ.”

ನಿನ್ನ ಅತ್ತೆ ಬಾಗಿಲಲ್ಲಿ ನಿಂತು, “ರೀ, ನನ್ನ ಕೈ ಅಲ್ಲಿಗೆ ಹೋಗಲ್ಲ,” ಅಂದ್ಲು.

“ಅಭ್ಯಾಸ ಆಗುತ್ತೆ.”

“ಭುಜ ಕಣೋ ಹಿಡ್ಕೊಂಡಿರೋದು. ಅದೇನು ಹೊಸ ಚಪ್ಪಲಿನಾ ಅಭ್ಯಾಸ ಆಗೋಕೆ?” ಅಂದೆ. ಯಾರು ಕೇಳ್ತಾರೆ? ಪ್ಲಗ್ ಮೇಲೆ ಹೋಯ್ತು, ಹೂವು ಉಳೀತು. ಅವತ್ತಿಂದ ಅವಳು ಮಿಕ್ಸಿ ಸ್ವಿಚ್ಚನ್ನ ಲಟ್ಟಣಿಗೆ ತುದಿಯಲ್ಲಿ ತಿವಿದು ಹಾಕ್ತಿದ್ಲು, ಮರದಿಂದ ಕಾಯಿ ಉದುರಿಸೋರ ಹಾಗೆ.

ಗೋಡೆ ಮುಗೀತು. ಚೆನ್ನಾಗಿರ್ಲಿಲ್ಲ ಅಂತ ನಾನು ಹೇಳಲ್ಲ. ಚೆನ್ನಾಗಿತ್ತು. ಮೂಗಿಗಿಂತ ಮೂಗುತಿ ಭಾರ ಅಷ್ಟೇ. ಮೇಸ್ತ್ರಿ ಹೋಗೋವಾಗ ಒಂದು ಮಾತು ಹೇಳ್ದ: “ಬಿಳಿ ಸಂದಿ ಸಾರ್, ಎಣ್ಣೆ ಕುಡಿಯುತ್ತೆ. ಸ್ವಲ್ಪ ನೋಡ್ಕೊಳ್ಳಿ.”

ನೋಡ್ಕೊಂಡ ನೋಡು ನಿನ್ನ ಮಾವ! ಮೊದಲನೇ ದಿನ ಅವಳು ಬಾಣಲೆ ಇಟ್ಟಳು, ಇವನು ಪಕ್ಕದಲ್ಲಿ ಗೋಲ್‌ಕೀಪರ್ ಥರ ನಿಂತ. “ಲೇ, ಉರಿ ಸಣ್ಣ ಮಾಡು! ಲೇ, ಮುಚ್ಚಳ ಮುಚ್ಚೇ! ಆ ಕಡೆ ತಿರುಗಿಸಿ ಸೌಟಾಡ್ಸು!”

“ಎಣ್ಣೆಗೆ ಆ ಕಡೆ ಈ ಕಡೆ ಗೊತ್ತಾಗಲ್ಲ ರೀ,” ಅಂದ್ಲು ಪಾಪ.

ಒಂದು ಹನಿ ಹಾರ್ತು. ಇವನು ಕಿವಿಗೆ ಹಾಕೋ ಹತ್ತಿ ಕಡ್ಡಿ ತಂದು ಆ ಹನೀನ ಸಂದಿಯಿಂದ ಎತ್ತಿದ. ನಾನು ಎಷ್ಟೋ ಆಪರೇಷನ್ ನೋಡಿದೀನಿ, ಅಷ್ಟು ನಾಜೂಕು ಕೈ ನೋಡಿಲ್ಲ.

ಮಾರನೇ ದಿನ ಗೋಡೆಗೆ ಪೇಪರ್ ಅಂಟಿಸ್ದ. ಎಣ್ಣೆ ಹಾರೋದು ತಡೆಯೋಕೆ ಗೋಡೆಗೆ ಟೈಲು, ಟೈಲಿಗೆ ಹಾರೋದು ತಡೆಯೋಕೆ ಪೇಪರು. ಆ ಪೇಪರಿಗೆ ಬೆಂಕಿ ಹತ್ಕೊಂತು. ನಾನು ಒಂದು ತಂಬಿಗೆ ನೀರು ಎರಚಿದೆ. ಬೆಂಕಿ ಆರ್ತು, ಜೊತೆಗೆ ಪಲ್ಯಾನೂ ಸಾರಾಯ್ತು. ಆಮೇಲೆ ಪ್ಲಾಸ್ಟಿಕ್ ಹಾಳೆ ಹಾಕ್ದ, ಅದು ಬಿಸಿಗೆ ಒಣಗಿದ ಎಲೆ ಥರ ಮುದುಡ್ಕೊಂತು. ಕೊನೆಗೆ ಒಂದು ಬೆಳಿಗ್ಗೆ ನಾನು ಕೆಳಗಿಳಿದು ಬಂದ್ರೆ, ಇವನು ಅಟ್ಟದಲ್ಲಿದ್ದ ಹಳೇ ಒಲೆ ಹೊತ್ಕೊಂಡು ಹಿಂದುಗಡೆ ಹೋಗ್ತಿದಾನೆ.

“ಎಲ್ಲಿಗೋ ಮೆರವಣಿಗೆ?”

“ಸ್ವಲ್ಪ ದಿನ ಅಡುಗೆ ಹಿಂದೆ ಮಾಡ್ಲಿ ಅಕ್ಕ. ಗೋಡೆ ಸೆಟ್ ಆಗ್ಲಿ.”

ಹಿಂದೆ ಅಂದ್ರೆ ಬಟ್ಟೆ ಒಗೆಯೋ ಜಾಗ. ಮೇಲೆ ತಗಡು, ಪಕ್ಕದಲ್ಲಿ ವಾಷಿಂಗ್ ಮಿಷಿನ್ನು, ಅದಕ್ಕೂ ಲಂಗ. ಗಾಳಿ ಬೀಸಿದ್ರೆ ಒಲೆ ಆರೋದು, ಬಿಸಿಲು ಬಂದ್ರೆ ನಿನ್ನ ಅತ್ತೆ ಬೇಯೋದು. ಅಲ್ಲಿಗೂ ಅವಳು ಹೊಂದ್ಕೊಂಡ್ಲು. ಆದ್ರೆ ಅಲ್ಲೂ ಗೋಡೆ ಇದೆಯಲ್ಲ! ಸುಣ್ಣ ಬಳಿದ ಒರಟು ಗೋಡೆ. ಒಂದು ಸಂಜೆ ಇವನು ಅದನ್ನ ನೋಡಿ, “ಲೇ, ಇಲ್ಲೂ ಎಣ್ಣೆ ಹಾರಿದೆ, ಉಜ್ಜಿಬಿಡು,” ಅಂದ.

ನಾನು ಮಹಡಿ ಕಿಟಕಿಯಿಂದ ನೋಡ್ತೀನಿ, ಅವಳು ಎಡಗೈಯಲ್ಲಿ ಬಲ ಮೊಣಕೈ ಎತ್ತಿ ಹಿಡ್ಕೊಂಡು ಗೋಡೆ ಉಜ್ತಿದಾಳೆ. ಮತ್ತೆ ಅದೇ ಜಾಕು. ಮುಂಚೆ ಮನೆ ಒಳಗೆ ಉಜ್ತಿದ್ಲು, ಈಗ ಹೊರಗೆ. ಟೈಲ್ ಹಾಕಿಸಿದ್ದಕ್ಕೆ ಅವಳಿಗೆ ಸಿಕ್ಕಿದ ಲಾಭ ಅಷ್ಟೇ. ನೀವೆಲ್ಲ ಹಾರ್ಟ್ ಒತ್ತಿದ್ರಲ್ಲ, ಆ ಫೋಟೋ ತೆಗೆದಿದ್ದು ಆಗಲೇ.

ಗೋಡೆ ನೋಡೋಕೆ ಜನ ಬೇರೆ ಬರೋರು. ಫ್ಯಾಕ್ಟರಿಯ ಹಳೇ ಸ್ನೇಹಿತರು, ಅಕ್ಕಪಕ್ಕದೋರು. ಇವನು ಚಪ್ಪಲಿ ಬಿಡಿಸಿ, ಲೈಟ್ ಹಾಕಿ, ಬಳ್ಳಿ ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಗುತ್ತೆ ಅಂತ ಬೆರಳು ತಾಗಿಸದೆ ತೋರಿಸೋನು. ಒಬ್ಬರು ಹೇಳಿದ್ರು, “ನಿಮ್ಮ ಮನೆಯೋರು ಅಡುಗೆಮನೆ ಎಷ್ಟು ಕ್ಲೀನಾಗಿ ಇಟ್ಕೊಂಡಿದಾರೆ ಸಾರ್! ಅಡುಗೆ ಮಾಡೋ ಗುರುತೇ ಇಲ್ಲ.”

“ಅಡುಗೆಮನೆ ಒಳಗಿಟ್ಟಿದಾನೆ, ಅಡುಗೆಯವಳನ್ನ ಹೊರಗಿಟ್ಟಿದಾನೆ,” ಅಂದೆ. ತಮಾಷೆ ಅಂತ ನಕ್ಕರು. ನಿನ್ನ ಅತ್ತೆ ಅದೇ ಹೊತ್ತಿಗೆ ಕಾಫಿ ತಟ್ಟೆ ಹಿಡ್ಕೊಂಡು ಹಿಂಬಾಗಿಲಿಂದ ಬಂದ್ಲು, ಮುಖದ ತುಂಬಾ ಬೆವರು. ಅವಳು ನಗ್ಲಿಲ್ಲ.

ಆಮೇಲೆ ಆ ಟೈಲ್ ಅಂಗಡಿ ಸೇಲ್ಸ್‌ನೋನು ಫೋನ್ ಮಾಡ್ದ. ಅಂಗಡಿ ಪೇಜಲ್ಲಿ ಹಾಕೋಕೆ ಗಿರಾಕಿಗಳ ಮನೆ ವಿಡಿಯೋ ಮಾಡ್ತಾರಂತೆ, ನಿಮ್ಮ ಗೋಡೆ ಬೇಕು ಸಾರ್ ಅಂದ. ನಿನ್ನ ಮಾವನಿಗೆ ಸ್ವರ್ಗ ಮೂರೇ ಗೇಣು. ಬೀರುವಿಂದ ಹೊಸ ಅಂಗಿ ತೆಗೆದು ಹಾಕ್ಕೊಂಡ. ಕಾಲರಲ್ಲಿ ಗುಂಡುಪಿನ್ನು ಹಾಗೇ ಇತ್ತು, ಕತ್ತು ತಿರುಗಿಸಿದಾಗೆಲ್ಲ ‘ಸ್’ ಅನ್ನೋನು.

ಸೇಲ್ಸ್‌ನೋನು ಬಳೆ ಥರದ್ದೊಂದು ಲೈಟು, ಮೊಬೈಲು ಹಿಡ್ಕೊಂಡು ಬಂದ. ಸುತ್ತ ನೋಡಿ, “ಅಮ್ಮ ಎಲ್ಲಿ ಸಾರ್? ಅಮ್ಮ ಒಲೆ ಮುಂದೆ ಅಡುಗೆ ಮಾಡ್ತಿರ್ಬೇಕು. ಖಾಲಿ ಕಿಚನ್ ನಮ್ಮ ಶೋರೂಮಲ್ಲೇ ಬೇಕಾದಷ್ಟಿದೆ,” ಅಂದ.

“ಖಾಲಿ ಬಾಣಲೆ ಇಟ್ಕೊಂಡು ಆಕ್ಟ್ ಮಾಡ್ಲಿ,” ಅಂದ ನಿನ್ನ ಮಾವ.

“ಹೊಗೆ ಬೇಕು ಸಾರ್. ಸದ್ದು ಬೇಕು. ಚುರ್ ಅನ್ಬೇಕು.”

ನಿನ್ನ ಅತ್ತೆ ಹಿಂದಿಂದ ಬಂದು ಸೆರಗಿಗೆ ಕೈ ಒರೆಸ್ಕೊಂಡು ಮೆತ್ತಗೆ ಕೇಳಿದ್ಲು, “ನಿಜವಾಗ್ಲೂ ಮಾಡ್ಲಾ?”

“ನಿಜವಾಗ್ಲೂ ಮಾಡಿ ಅಮ್ಮಾ! ನಮ್ಮ ಟೈಲಿಗೆ ಏನೂ ಆಗಲ್ಲ. ಒಂದು ಸಲ ಒರೆಸಿದ್ರೆ ಹೊಸದು!”

ಆ ಮಾತು ಕೇಳಿದ ತಕ್ಷಣ ಅವಳ ಮುಖ ಬದಲಾಯ್ತು. ನನ್ನ ಕಡೆ ಒಂದು ಸಲ ನೋಡಿದ್ಲು. ಒಳಗೆ ಹೋದ್ಲು. ಬಂದಾಗ ಕೈಯಲ್ಲಿ ಅದೇ ಕೆಮ್ಮಿನ ಔಷಧಿ ಬಾಟಲಿ.

ಬಾಣಲೆ ಇಟ್ಟಳು. ಉರಿ ದೊಡ್ಡದು ಮಾಡಿದ್ಲು. ಬಾಟಲೀಲಿದ್ದಿದ್ದನ್ನೆಲ್ಲ ಸುರಿದ್ಲು, ಸಾಲದು ಅಂತ ಇನ್ನಷ್ಟು ಎಣ್ಣೆ ಹಾಕಿದ್ಲು. ಎ‌ಣ್ಣೆ ಕಾದ ಮೇಲೆ, ಈಗ ತಾನೇ ತೊಳೆದ ಬದನೆಕಾಯಿ ಹೋಳು, ನೀರು ತೊಟ್ಟಿಕ್ತಾ ಇರೋದು, ಬೊಗಸೆ ತುಂಬಾ ತಗೊಂಡು ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತ್ಲು.

ಚುರ್ ಅನ್ನಲಿಲ್ಲ ಮರೀ, ಪಟಾಕಿ ಅಂಗಡಿಗೆ ಬೆಂಕಿ ಬಿದ್ದ ಹಾಗೆ! ಗೋಡೆ ತುಂಬಾ ಹಳದಿ ಮಳೆ. ಸೇಲ್ಸ್‌ನೋನು ಖುಷೀಲಿ, “ಸೂಪರ್ ಅಮ್ಮಾ, ಸೂಪರ್!” ಅಂತ ವಿಡಿಯೋ ಮಾಡ್ತಿದಾನೆ. ನಿನ್ನ ಮಾವನ ಬಾಯಿಂದ ಕುಕ್ಕರ್ ಸೀಟಿ ಹೊಡೆಯೋ ಮುಂಚಿನ ಸದ್ದು ಬಂತು.

ನಿನ್ನ ಅತ್ತೆ ಒಲೆ ಆರಿಸಿ, ಒರೆಸೋ ಬಟ್ಟೆ ತಗೊಂಡು ಸೇಲ್ಸ್‌ನೋನ ಕೈಗೆ ಕೊಟ್ಟಳು. “ತಗೊಳ್ಳಿ. ಒಂದೇ ಸಲ ಒರೆಸಿ ತೋರಿಸಿ. ವಿಡಿಯೋ ಓಡ್ತಾ ಇರ್ಲಿ. ಅವತ್ತು ಅಂಗಡೀಲಿ ನೋಡೋಕೆ ಬಿಡ್ಲಿಲ್ಲ.”

ಅವನು ಹಲ್ಲು ಕಿಸಿದು ಒರೆಸ್ದ. ಎಣ್ಣೆ ಎಲ್ಲಿ ಹೋಗುತ್ತೆ? ಸಂದಿಗೆ ಹೋಯ್ತು. ಬಿಳಿ ಗಾರೆ ಎಲ್ಲ ಹಳದಿ ಗೆರೆ. ಇನ್ನೂ ಒತ್ತಿ ಒರೆಸ್ದ, ನೀಲಿ ಬಳ್ಳಿ ತಗ್ಗಲ್ಲೆಲ್ಲ ಹಳದಿ ತುಂಬ್ಕೊಂಡು ಹಸಿರಾಯ್ತು. ಬಳ್ಳಿ ಬಳ್ಳಿ ಥರ ಕಂಡಿದ್ದು ಅವತ್ತೇ ಮೊದಲು.

“ಇದಕ್ಕೊಂದು ಸ್ಪೆಷಲ್ ಲಿಕ್ವಿಡ್ ಬರುತ್ತೆ ಸಾರ್...” ಅಂತ ಹೇಳ್ತಾ ಹೇಳ್ತಾ ಲೈಟ್ ಮಡಚ್ಕೊಂಡು ಹೋದ. ಆ ವಿಡಿಯೋ ಇವತ್ತಿನವರೆಗೂ ಅಂಗಡಿ ಪೇಜಲ್ಲಿ ಬಂದಿಲ್ಲ.

ನಿನ್ನ ಮಾವ ಗೋಡೆ ಮುಂದೆ ನಿಂತಿದ್ದ. ಬೈತಾನೆ ಅನ್ಕೊಂಡೆ. ಅದಕ್ಕೆ ಮುಂಚೆ ಅವಳೇ ಹೇಳಿದ್ಲು, ದನಿ ಎತ್ತರಿಸದೆ: “ನಾನು ಇನ್ಮೇಲೆ ಇಲ್ಲೇ ಅಡುಗೆ ಮಾಡೋದು. ಹಿಂದೆ ಹೋಗಲ್ಲ. ಗೋಡೆ ನಿಮ್ಮದು, ನೀವು ಒರೆಸ್ಕೊಳ್ಳಿ. ನನ್ನ ಕೈ ಏಳಲ್ಲ.”

“ಏ, ಅದು ಹೇಗೆ...”

“ಹೀಗೆ,” ಅಂತ ನಾರು, ಹಳೇ ಹಲ್ಲುಜ್ಜೋ ಬ್ರಷ್ಷು ಅವನ ಮುಂದಿಟ್ಟು, ಬದನೆಕಾಯಿಗೆ ಉಪ್ಪು ಹಾಕೋಕೆ ಹೋದ್ಲು. ಊಟಕ್ಕೆ ಅದನ್ನೇ ಬಡಿಸಿದ್ಲು. ಚೆನ್ನಾಗಿತ್ತು.

ಆವತ್ತಿಂದ ಅವಳು ಅಡುಗೆ ಮಾಡೋದು, ಇವನು ಗೋಡೆಗೆ ಬ್ರಷ್ ಹಾಕೋದು. ಒಂದೊಂದು ಹೂವಿಗೂ ಎಸಳು, ಒಂದೊಂದು ಎಸಳಿಗೂ ಅಂಚು. ಬೆಳಗಿನ ತಿಂಡಿದು ಉಜ್ಜಿ ಮುಗಿಸೋ ಅಷ್ಟರಲ್ಲಿ ಮಧ್ಯಾಹ್ನದ ಬಾಣಲೆ ಏರೋದು. “ಇವತ್ತು ಬರೀ ಬೇಯಿಸಿದ್ದು ಮಾಡೇ,” ಅಂತ ಗೋಗರೆಯೋನು. ಅವಳು “ಹೂಂ” ಅಂದು ಕರಿಯೋಕೆ ಇಡೋಳು. ಜಗಳಾನೇ ಆಡದ ಹೆಂಗಸು, ಒಂದು ಬಾಣಲೇಲಿ ಎಲ್ಲಾ ಜಗಳ ಆಡಿ ಮುಗಿಸಿದ್ಲು.

ಒಂದಿನ ಮಹಡಿ ಹತ್ತಿ ನನ್ನ ರೂಮಿಗೆ ಬಂದ. “ಅಕ್ಕಾ, ನೋವಿನ ಎಣ್ಣೆ ಇದ್ರೆ ಕೊಡು. ಭುಜ ಎಳೀತಿದೆ.”

“ಅಭ್ಯಾಸ ಆಗುತ್ತೆ,” ಅಂದೆ.

ಎಣ್ಣೆ ಕೊಟ್ಟೆ ಬಿಡು, ಎಷ್ಟಾದ್ರೂ ತಮ್ಮ. ಕೆಳಗೆ ಇಳಿಯೋವಾಗ ಮೆಟ್ಟಿಲ ಮೇಲೆ ನಿಂತು, ಇವಳು ಲಟ್ಟಣಿಗೇಲಿ ಸ್ವಿಚ್ ತಿವಿಯೋದನ್ನ ಸ್ವಲ್ಪ ಹೊತ್ತು ನೋಡ್ತಿದ್ದ. ಅದಕ್ಕೆ ಮುಂಚೆ ಅವನು ಅದನ್ನ ನೋಡೇ ಇರ್ಲಿಲ್ಲ ಅನ್ಸುತ್ತೆ. ಅವನ ಕಣ್ಣು ಹೂವಿನ ಮೇಲಿತ್ತಲ್ಲ.

ಆವತ್ತು ಊಟದ ಹೊತ್ತಲ್ಲೇ ಅವಳು ಹೇಳಿದ್ದು, “ರೀ, ಆ ಗೋಡೆಗೆ ಒಂದು ಕವರ್ ಹಾಕಿಸಬಾರ್ದಾ?”

ಅವನು ತಟ್ಟೆಯಿಂದ ತಲೆ ಎತ್ತಿದ. “ಕವರಾ?”

“ಗಾಜಿನ ಕವರು. ಒಲೆ ಬಿಸಿ ತಡೆಯೋ ಗಾಜು ಬರುತ್ತಂತೆ. ಈ ತುದಿಯಿಂದ ಆ ತುದಿಗೆ ಒಂದೇ ಹಲಗೆ. ಹೂವು ಒಳಗೆ ಭದ್ರ.”

“ಸಂದಿ?”

“ಒಂದೂ ಇಲ್ಲ. ಆದ್ರೆ ಪ್ಲಗ್ ಕೆಳಗೆ ಬರ್ಬೇಕು. ಮೊದಲಿದ್ದ ಜಾಗಕ್ಕೆ.”

“ಹೂವು ಕೊರೀಬೇಕಾಗುತ್ತಲ್ಲೇ...”

“ಹೋದ್ರೆ ಹೋಗ್ಲಿ. ಮಂಚದ ಕೆಳಗೆ ಸ್ಪೇರ್ ಬಾಕ್ಸ್ ಇದೆಯಲ್ಲ, ಹೂವು ಅದರಲ್ಲಿ ಪೂರ್ತಿಯಾಗಿರುತ್ತೆ.”

ಸ್ಟಾಕಲ್ಲಿ ಇದೆ ಅಂತ ಕೇಳಿದ ಮೇಲೆ ಅವನ ಜೀವ ಸಮಾಧಾನ ಆಯ್ತು. ನಾನು ಬಾಯಿಗೆ ಬೀಗ ಹಾಕ್ಕೊಂಡು ಮಜ್ಜಿಗೆ ಕುಡಿದೆ. ಇಷ್ಟು ವರ್ಷ ಸಂಸಾರ ಮಾಡಿ ಅವಳು ಆ ಸ್ಟೋರಿನ ಬೀಗದ ಕೈ ಎಲ್ಲಿದೆ ಅಂತ ಕಂಡ್ಕೊಂಡಿದ್ಲು ನೋಡು.

ಅದೇ ಮೇಸ್ತ್ರಿ ಬಂದ. ಮೇಲಿರೋ ಪ್ಲಗ್ ನೋಡಿ, “ಇಷ್ಟೆತ್ತರಕ್ಕೆ ಪ್ಲಗ್ ಇಟ್ಟ ಬುದ್ಧಿವಂತ ಯಾರ್ ಸಾರ್?” ಅಂದ. ನಾನು ಬಾಯಿ ತೆಗೆಯೋಕೆ ಮುಂಚೆ ನಿನ್ನ ಮಾವನೇ, “ಮುಚ್ಕೊಂಡು ಕೆಲಸ ನೋಡೋ,” ಅಂದ. ಹೂವು ಕೊರೆಯೋವಾಗ ಮಾತ್ರ ಹೊರಗೆ ಹೋಗಿ ನಿಂತಿದ್ದ.

ಗಾಜಿನೋರು ಬಂದು ಹಲಗೆ ನಿಲ್ಲಿಸಿ ತಿರುಪು ಬಿಗಿದ್ರು. ಹೊಸ ಗಾಜಿನ ಮೇಲೆ ಒಂದು ತೆಳು ಪ್ಲಾಸ್ಟಿಕ್ ಪೊರೆ ಅಂಟ್ಕೊಂಡಿರುತ್ತಲ್ಲ, ಅವರು ಅದನ್ನ ಕೀಳೋಕೆ ಹೋದ್ರು. ನಿನ್ನ ಮಾವ ಎರಡೂ ಕೈ ಅಡ್ಡ ಹಿಡಿದ.

“ಅದನ್ನ ತೆಗೀಬೇಡ್ರೋ! ಇರ್ಲಿ ಬಿಡಿ. ಗಾಜಿಗೆ ಗೀರು ಬೀಳುತ್ತೆ.”

ಹೂವಿನ ಮೇಲೆ ಗಾಜು, ಗಾಜಿನ ಮೇಲೆ ಪೊರೆ. ಇನ್ನು ಪೊರೆ ಮೇಲೆ ಏನು ಬರುತ್ತೋ ಅಂತ ನಾನು ಲೆಕ್ಕ ಹಾಕ್ತಿದ್ದೆ.

ನಿನ್ನ ಅತ್ತೆ ಬಂದ್ಲು. ಗಲ್ಲದ ಎತ್ತರದಲ್ಲಿ ಗಾಜಿನ ಅಂಚಿಗೆ ಉಗುರು ಹಾಕಿದ್ಲು. ಪೊರೆ ಎದ್ದ ತಕ್ಷಣ ಬಲಗೈಯಲ್ಲೇ ಹಿಡ್ಕೊಂಡು, ಕೈ ಎತ್ತದೆ, ಪಕ್ಕಕ್ಕೆ ನಡೀತಾ ಹೋದ್ಲು. ಸರ್‌‌‌ರ್ ಅಂತ ಈ ತುದಿಯಿಂದ ಆ ತುದಿಗೆ, ಕಿಟಕಿವರೆಗೂ. ಪೊರೇನ ಗಂಡನ ಕೈಗೆ ಕೊಟ್ಟಳು. ಬೆರಳಿಗೆ ಒಂದಿಷ್ಟು ಎಣ್ಣೆ ಮುಟ್ಟಿಸ್ಕೊಂಡು ಗಾಜಿಗೆ ಉದ್ದಕ್ಕೆ ಸವರಿದ್ಲು. ಒಂದು ನಿಮಿಷ ಕಾದ್ಲು, ಒಣಗ್ಲಿ ಅಂತ. ಬಟ್ಟೆ ತಗೊಂಡು ಒಂದು ಸಲ ಎಳೆದ್ಲು.

ಒಂದೇ ಸಲ.

ಆಮೇಲೆ ಪ್ಲಗ್ ಹಾಕಿ, ಮಿಕ್ಸಿ ಒಂದು ಸುತ್ತು ತಿರುಗಿಸಿ ನಿಲ್ಲಿಸಿದ್ಲು. ಒಳಗೆ ಏನೂ ಇರ್ಲಿಲ್ಲ, ಸುಮ್ಮನೆ.

ಹಾಗಾಗಿ ಮರೀ, ನಿನ್ನ ಬೂದು ಬಿಳಿ ವಿಷಯ ನನಗೆ ಗೊತ್ತಿಲ್ಲ. ನಿನ್ನ ಅತ್ತೆ ಆ ಬಾಟಲಿ ತೊಳೆದು ಇಟ್ಟಿದಾಳೆ, ಎಣ್ಣೆ ಅರಿಶಿನ ಕಲಸಿ ಕಳಿಸ್ತಾಳಂತೆ, ಅಂಗಡಿಗೆ ತಗೊಂಡ್ಹೋಗು. ಮನೇಲಿ ಯಾರು ಒರೆಸ್ತಾರೋ ಅವರನ್ನ ಕರ್ಕೊಂಡ್ಹೋಗು. ಆ ಪೊರೇನೂ ಇದೆ. ನಿನ್ನ ಮಾವ ಸುಕ್ಕಿಲ್ಲದ ಹಾಗೆ ಮಡಚಿ ಸ್ಪೇರ್ ಬಾಕ್ಸಿನ ಮೇಲಿಟ್ಟಿದಾನೆ. ಇಗೋ, ಈಗ ಮೆಟ್ಟಿಲ ಕೆಳಗೆ ನಿಂತ್ಕೊಂಡು ಕೂಗ್ತಿದಾನೆ, ನಿನ್ನ ಹೊಸ ಗೋಡೆಗೆ ಅದು ಬೇಕಾ ಕೇಳು ಅಂತ. ಏನು ಹೇಳ್ಲಿ?